ಫಿಯಟ್ ಕಾರಿಗೆ ಕೀಲೆಣ್ಣೆ

"ನಿಮ್ಮ ಕಾಕಾಗ ಹೇಳಬ್ಯಾಡ ಮತ್ತ," ಅಂದರು ಅಜ್ಜ, ಕಾರಿನ ಕೆಳಗಿನಿಂದ.

ಸಾಲಿಯಿಂದ ಆಗಷ್ಟೇ ಬಂದ ದಾನಮ್ಮನಿಗೆ ಅಜ್ಜನ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಅವಳು ಪಾಟೀಚೀಲ ಇಳಿಸಿ ಬಗ್ಗಿ ನೋಡಿದಳು. ಅಂದಾನಪ್ಪಜ್ಜ ಎತ್ತಿನ ಬಂಡಿಯ ಬಿದಿರಿನ ಗೊಟ್ಟದಲ್ಲಿದ್ದ ಕೀಲೆಣ್ಣೆಯನ್ನು ಮಗನ ಫಿಯಟ್ ಕಾರಿಗೆ ಬಳಿಯುತ್ತಿದ್ದರು. ಸುಟ್ಟ ಹುಲ್ಲಿನ ಬೂದಿ ಕಲೆಸಿದ ಆ ಕರೀ ಎಣ್ಣೆ ಬಂಡಿಯ ಅಚ್ಚಿಗೆ ಹಾಕುವಂಥದ್ದು.

"ಕಾರಿಗ್ಯಾಕ ಅಜ್ಜಾ?"

"ನಿನ್ನೆಯಿಂದ ಕುಂಯ್ ಕುಂಯ್ ಅನ್ನಾಕತ್ತೈತಿ. ಕುಂಯ್ ಅಂದ್ರ ಎಣ್ಣಿ ಬೇಡಾಕತ್ತೈತಿ ಅಂತ ತಿಳೀಬೇಕು. ನಮ್ಮ ವಕೀಲಗ ಇಷ್ಟೂ ತಿಳೀವಲ್ದು."

ವಕೀಲ ಅಂದರೆ ಅಜ್ಜನ ಕಿರಿಮಗ ಹೊಳಬಸು ಕಾಕಾ. ಹಗಲು ಕರಿ ಕೋಟು ಹಾಕಿಕೊಂಡು ಹುನಗುಂದದ ಕೋರ್ಟಿನಲ್ಲಿ ವಾದ ಮಾಡುತ್ತಿದ್ದ. ಸಂಜೆ ಹರಕು ಬನಿಯನ್ ತೊಟ್ಟು ಕಾರಿನ ಕೆಳಗೆ ಮಲಗುತ್ತಿದ್ದ. ಓಣಿಯವರಿಗೆ ಅದೊಂದು ಪುಕ್ಕಟೆ ಸಿನಿಮಾ ಆಗಿತ್ತು.

ಮದ್ರಾಸಿನ ಹತ್ತಿರ ಹಳೇ ರನ್‌ವೇ ಒಂದರ ಮೇಲೆ ಕಾರ್ ರೇಸ್ ಇತ್ತು. ಕಾಕಾ ಮೊದಲ ಸಲ ಹೆಸರು ಕೊಟ್ಟಿದ್ದ. ಆದರೆ ಅವನ ಫಿಯಟ್ಟು ಇಪ್ಪತ್ತು ವರ್ಷದ ಮುದುಕ. ಗಾಲಿ ಹಿಡಿದಿರುವ ಕಬ್ಬಿಣದ ಕೈಗಳು ಕಾರಿನ ಮೈಗೆ ಸೇರುವ ಕಡೆ ಬುಶ್ ಅನ್ನುವ ರಬ್ಬರ್ ಬಳೆಗಳಿರುತ್ತವೆ. ಅವು ಸವೆದು ಪುಡಿಯಾಗಿದ್ದವು. ತಿರುವಿನಲ್ಲಿ ಗಾಲಿ ಅತ್ತಿತ್ತ ವಾಲಾಡುತ್ತಿತ್ತು. ಕಾಕಾ ಮದ್ರಾಸಿನಿಂದ ಗಟ್ಟಿ ರಬ್ಬರಿನ ಹೊಸ ಬುಶ್ ತರಿಸಿ ಹಾಕಿದ. ಕಾರು ಈಗ ನೆಟ್ಟಗೆ ಹೋಗುತ್ತಿತ್ತು, ಆದರೆ ದಿಬ್ಬ ಹತ್ತಿ ಇಳಿಯುವಾಗೆಲ್ಲ ಅಳುತ್ತಿತ್ತು.

ದಾನಮ್ಮನಿಗೆ ಖುಷಿಯಾಯಿತು. ಅಜ್ಜನಿಗೆ ಬೇಡವಾಗಿದ್ದ ಈ ಕಾರು ಮನೆಗೆ ಬಂದಾಗ ಅಜ್ಜ ಮತ್ತು ಕಾಕಾ ಒಂದು ಸುಗ್ಗಿ ಪೂರ್ತಿ ಮಾತು ಬಿಟ್ಟಿದ್ದರು. ಊಟಕ್ಕೆ ಕರೆಯುವುದಿದ್ದರೂ ಅವಳೇ ನಡುವೆ ಓಡಾಡಬೇಕಾಗಿತ್ತು. ಅಂಥ ಅಜ್ಜ ಈಗ ಕಾರಿನ ಸೇವೆಗೆ ಇಳಿದಿದ್ದರು! ಯಾರಿಗೂ ಹೇಳುವುದಿಲ್ಲ ಎಂದು ಅವಳು ಅಜ್ಜನಿಗೆ ಆಣೆ ಮಾಡಿದಳು.

ಆ ಖುಷಿ ಉಳಿದದ್ದು ಸಂಜೆಯವರೆಗೆ ಮಾತ್ರ. ಕೋರ್ಟಿನಿಂದ ಬಂದ ಕಾಕಾನನ್ನು ಅವಳು ಸುಮ್ಮನೆ ಕೇಳಿದಂತೆ ಕೇಳಿದಳು, ಕುಂಯ್ ಅಂದರೆ ಎಣ್ಣೆ ಹಾಕಬೇಕಲ್ಲವೇ ಎಂದು.

"ಬಂಡಿ ಗಾಲಿ ತಿರುಗತೈತಿ, ಅದಕ್ಕ ಎಣ್ಣಿ ಬೇಕು. ಈ ರಬ್ಬರ್ ತಿರುಗೂದಿಲ್ಲವಾ. ಬಿಗಿಯಾಗಿ ಕಚ್ಚಿಕೊಂಡು ಒಳಗೊಳಗ ಹಿಂಡತೈತಿ, ಮತ್ತ ಜಾಗಕ್ಕ ಬರತೈತಿ. ಎಣ್ಣಿ ತಾಗಿದ್ರ ಉಬ್ಬಿ ಮೆತ್ತಗಾಗತೈತಿ, ಹಿಡಿತ ತಪ್ಪತೈತಿ."

"ಹಿಡಿತ ತಪ್ಪಿದ್ರ?"

"ರೇಸಿನ್ಯಾಗ ಜೋರಾಗಿ ಟರ್ನ್ ಹೊಡದಾಗ ಗಾಲಿ ನನ್ನ ಮಾತು ಕೇಳೂದಿಲ್ಲ."

ರಾತ್ರಿ ದಾನಮ್ಮನಿಗೆ ಊಟ ಸೇರಲಿಲ್ಲ. ಹೇಳಿದರೆ ಅಜ್ಜ, ಕಾಕಾ ಮತ್ತೆ ಮಾತು ಬಿಡುತ್ತಾರೆ. ಹೇಳದಿದ್ದರೆ ಕಾಕಾ ಅದೇ ಕಾರಿನಲ್ಲಿ ರೇಸಿಗೆ ಹೋಗುತ್ತಾನೆ. ಬಂಡಿಯ ವಿಷಯದಲ್ಲಿ ಅಜ್ಜ ಎಂದೂ ತಪ್ಪಿದವರಲ್ಲ. ಕಾರಿನ ವಿಷಯದಲ್ಲಿ ಕಾಕಾನೂ ಹಾಗೆಯೇ. ಹಾಗಾದರೆ ಯಾರದು ಖರೆ? ಎಷ್ಟು ಯೋಚಿಸಿದರೂ ಅವಳಿಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಶನಿವಾರ. ಬೆಳಗಿನ ಸಾಲಿ ಮುಗಿಸಿ ಬಂದಾಗ ಅಜ್ಜ ಹೊಲಕ್ಕೆ ಹೋಗಿದ್ದರು. ಕೋರ್ಟಿಗೆ ರಜೆಯಿದ್ದುದರಿಂದ ಕಾಕಾ ಜ್ಯಾಕ್ ಕೊಟ್ಟು ಕಾರು ಎತ್ತಿ ಕೆಳಗೆ ಮಲಗಿದ್ದ. ಅವಳು ಆಣೆ ಮುರಿದಳು.

"ಕಾಕಾ, ಒಂದು ಮಾತು ಹೇಳ್ತೇನಿ. ಅಜ್ಜನ ಮ್ಯಾಲ ಸಿಟ್ಟಾಗಬ್ಯಾಡ."

ಕಾಕಾ ಹೊರಗೆ ಬಂದು ಕರ್ರಗಾದ ಬೆರಳನ್ನು ಅವಳ ಮೂಗಿನ ಹತ್ತಿರ ಹಿಡಿದ. ಸುಟ್ಟ ಹುಲ್ಲಿನ ವಾಸನೆ.

"ನಿನ್ನೆ ರಾತ್ರೀನ ಗೊತ್ತಾತು. ಸಣ್ಣಾಂವಿದ್ದಾಗ ಬಂಡಿ ಕೆಳಗ ಆಡಿ ಬೆಳದೀನಿ, ಈ ವಾಸನಿ ಮರೀತೇನೇನು?"

ಬುಶ್‌ಗಳು ಕೆಟ್ಟಿರಲಿಲ್ಲ. ಕಾಕಾ ಅವನ್ನು ಬಿಚ್ಚಿ ಸಾಬೂನು ನೀರಿನಲ್ಲಿ ತೊಳೆದಿಟ್ಟಿದ್ದ. ಬಿಚ್ಚುವಾಗ ತನ್ನದೇ ತಪ್ಪು ಸಿಕ್ಕಿತಂತೆ. ಹೊಸ ಬುಶ್ ಹಾಕಿದ ದಿನ, ಗಾಲಿ ಗಾಳಿಯಲ್ಲಿ ಜೋತಾಡುವಾಗಲೇ ಬೋಲ್ಟ್ ಬಿಗಿದುಬಿಟ್ಟಿದ್ದ. ಕಾರು ನೆಲಕ್ಕಿಳಿದಾಗ ಪಾಪದ ರಬ್ಬರು ಮೊದಲೇ ಹಿಂಡಿಕೊಂಡು ನಿಂತಿತ್ತು. ಕುಂಯ್ ಅನ್ನದೆ ಏನು ಮಾಡೀತು? ಈ ಸಲ ಗಾಲಿ ನೆಲಕ್ಕೆ ಊರಿದ ಮೇಲೆಯೇ ಬಿಗಿಯುತ್ತೇನೆ ಎಂದ.

"ಅಂದ್ರ ಅಜ್ಜ ಹೇಳಿದ್ದು ಖರೇನ? ಏನೋ ತಪ್ಪಿತ್ತು?"

"ತಪ್ಪಿತ್ತು. ಔಷಧ ಅದಲ್ಲ ಅಷ್ಟ." ಕಾಕಾ ಬೆರಳು ಒರೆಸಿಕೊಂಡ. "ನಾ ತೊಳದದ್ದು ಅಪ್ಪಗ ಹೇಳಬ್ಯಾಡ."

ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಾಗಬಾರದು, ಇವರಿಬ್ಬರ ನಡುವೆ ತಾನು! ದೊಡ್ಡವರ ಲೆಕ್ಕ ದಾನಮ್ಮನಿಗೆ ಮತ್ತಷ್ಟು ಗೋಜಲಾಯಿತು.

ಸಂಜೆ ಕಾಕಾ ಓಣಿಯ ದಿಬ್ಬದ ಮೇಲೆ ಎರಡು ಸಲ ಕಾರು ಹತ್ತಿಸಿ ಇಳಿಸಿದ. ಕುಂಯ್ ಅನ್ನುವ ಸದ್ದೇ ಇಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಎದ್ದು ರುಮಾಲು ಸರಿಮಾಡಿಕೊಂಡರು. ಕಾರಿನ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು. ಕಾರು ಬಂದಾಗಿನಿಂದ ಅವರು ಅದರಲ್ಲಿ ಕೂತದ್ದು ಇದೇ ಮೊದಲು. ದಾನಮ್ಮ ಓಡಿಹೋಗಿ ಹಿಂದೆ ಹತ್ತಿದಳು.

"ಈಗ ಅಳೂದಿಲ್ಲ, ಹೌದಲ್ಲೋ?" ಅಂದರು ಅಜ್ಜ.

"ಇಲ್ಲಪ್ಪಾ. ಹೆಂಗ ಸುಮ್ಮನಾತೋ ಏನೋ."

ಅಜ್ಜನ ಮೀಸೆ ಸಣ್ಣಗೆ ಅಲುಗಿತು. ಕಾರು ಓಣಿ ದಾಟಿತು.

"ಮದ್ರಾಸ್ ದೂರ ಐತಿ. ಹುಷಾರಾಗಿ ಹೋಗಿ ಬಾ," ಅಂದರು ಅಜ್ಜ.

ಕಾಕಾ ತಲೆಯಾಡಿಸಿ ಗೇರ್ ಬದಲಿಸಿದ. ರಾತ್ರಿಯೇ ಗೊತ್ತಾದರೂ, ಎಣ್ಣೆ ತೊಳೆದದ್ದು ಅಜ್ಜನ ಕಣ್ಣಿಗೆ ಬಿದ್ದು ಮನಸ್ಸು ನೋಯಬಾರದೆಂದೇ ಅವರು ಹೊಲಕ್ಕೆ ಹೋಗುವವರೆಗೂ ಕಾಕಾ ಬುಶ್ ಬಿಚ್ಚಿರಲಿಲ್ಲ ಎಂಬುದು ದಾನಮ್ಮನಿಗೆ ಆಗ ತಿಳಿಯಿತು. ಅಜ್ಜ ಹಿಂದೆ ತಿರುಗಿ ಅವಳಿಗೆ ಕಣ್ಣು ಮಿಟುಕಿಸಿದರು. ಅವಳೂ ಮಿಟುಕಿಸಿದಳು. ಆಮೇಲೆ ಕನ್ನಡಿಯಲ್ಲಿ ಕಾಕಾನ ಕಣ್ಣು ಕಂಡಿತು. ಆಗ ಮಾತ್ರ ಅವಳು ಏನೂ ಅರಿಯದವಳ ಹಾಗೆ ಕಿಟಕಿಯ ಹೊರಗೆ ನೋಡುತ್ತ ಕೂತಳು.