ಉಮಿವಿಕ್‌ನ ಏಳು ಡೇರೆಗಳು

ಜುಲೈ ಹದಿನೆಂಟು, ಶುಕ್ರವಾರ, ಬೆಳಗ್ಗೆ 9.10ಕ್ಕೆ ಡಿನೆಸ್, ಹಿಮನಾಡಿನ ಕಡಲತೀರದ ಊರಾದ ಕಿಂಗಾಕ್‌ನ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಬೂಟು ಬಿಚ್ಚಲಿಲ್ಲ. ಮನೆಯೇ ಆಗಲಿ ಠಾಣೆಯೇ ಆಗಲಿ, ಈ ಊರಿನಲ್ಲಿ ಬೂಟು ಬಿಚ್ಚದೆ ಒಳಗೆ ನುಗ್ಗುವವನು ಒಂದೋ ಕುಡಿದಿರಬೇಕು, ಇಲ್ಲವೇ ಅವನ ಮನೆಗೆ ಬೆಂಕಿ ಬಿದ್ದಿರಬೇಕು.

“ಏನಯ್ಯ, ಕುಡಿದಿದೀಯಾ?” ಎಂದು ಇನ್ಸ್‌ಪೆಕ್ಟರ್ ಕರಾಲೆ ಕೇಳಿದ.

ಡಿನೆಸ್ ಮೂಗು ಸುಕ್ಕಿಸಿದ. ಇಲ್ಲ ಎಂದರ್ಥ.

“ಮತ್ತೆ?”

“ನನ್ನ ಶಿಬಿರ ಕಳುವಾಗಿದೆ, ಕರಾಲೆಯಣ್ಣ.”

“ಶಿಬಿರದಲ್ಲಿ ಏನು ಕಳುವಾಗಿದೆ?”

“ಶಿಬಿರದಲ್ಲಿ ಅಲ್ಲ. ಶಿಬಿರವೇ.”

ಕಾನ್‌ಸ್ಟೇಬಲ್ ವಿಟ್ಟೂಸ್ ಕಾಫಿ ಬಸಿಯುವುದನ್ನು ಬಿಟ್ಟು ಕಾಗದ ಎಳೆದುಕೊಂಡ. ದೂರು ಹೀಗಿತ್ತು: ಡಿನೆಸ್ ಚಾರಣದ ಮಾರ್ಗದರ್ಶಿ. ನಾಲ್ಕು ವರ್ಷ ಬೇರೆಯವರ ಕೈಕೆಳಗೆ ದುಡಿದು, ಈ ಬೇಸಿಗೆಯಲ್ಲಿ ಮೊದಲ ಸಲ ತಾನೇ ಮುಖ್ಯಸ್ಥನಾಗಿ ತಂಡ ಕರೆತಂದಿದ್ದ. ಹೊರಗಿನ ಹನ್ನೊಂದು ಜನ ಅವನ ಸಹಾಯಕನ ಜೊತೆ ಹಿಮನದಿಯ ಅಂಚಿನಲ್ಲಿ ಆರು ದಿನದಿಂದ ನಡೆಯುತ್ತಿದ್ದರು. ಇಂದು ಸಂಜೆ ಆರಕ್ಕೆ ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಉಮಿವಿಕ್ ಫಿಯೋರ್ಡಿನ ದಂಡೆಗೆ ಇಳಿಯುತ್ತಾರೆ. ಅವರಿಗೆಂದು ಗುರುವಾರ ಡಿನೆಸ್ ದೋಣಿಯಲ್ಲಿ ಸಾಮಾನು ಸಾಗಿಸಿ ಏಳು ಡೇರೆ ಹಾಕಿ ಬಂದಿದ್ದ. ಇವತ್ತು ಬೆಳಗ್ಗೆ ಆರಕ್ಕೆ ಕೊನೆಯ ಕಂತಿನ ಸಾಮಾನು ಒಯ್ದರೆ ಅಲ್ಲಿ ಬರೀ ಹುಲ್ಲು.

“ಅಲ್ಲಿಂದಲೇ ರೇಡಿಯೋದಲ್ಲಿ ಹೇಳಬೇಕಿತ್ತಲ್ವೇನೋ? ಮೂರು ಗಂಟೆ ಹಾಳು!”

“ರೇಡಿಯೋದಲ್ಲಿ ಹೇಳಿದ್ರೆ ಊರೆಲ್ಲ ಕೇಳ್ತದೆ. ‘ಡಿನೆಸ್ ಮನೆ ಕಳ್ಕೊಂಡ’ ಅಂತ ಕ್ರಿಸ್‌ಮಸ್‌ವರೆಗೂ ಆಡ್ಕೋತಾರೆ.”

“ಅದೇನೋ ನಿಜ,” ಎಂದ ವಿಟ್ಟೂಸ್. ಅವನೇ ಆಗಲೇ ಆಡಿಕೊಳ್ಳಲು ಶುರು ಮಾಡಿದ್ದ.

“ನಗಬೇಡ ವಿಟ್ಟೂಸ್. ಆ ಹನ್ನೊಂದು ಜನದಲ್ಲಿ ಒಬ್ಬಾಕೆ ಚಾರಣ ಕಂಪನಿಯ ಪರೀಕ್ಷಕಿ. ನನಗೆ ಪರವಾನಗಿ ಕೊಡೋದೋ ಬಿಡೋದೋ ಆಕೆಯ ಕೈಲಿದೆ. ಸಂಜೆ ಬಂದು ಹುಲ್ಲು ನೋಡಿದ್ರೆ ನನ್ನ ಕಥೆ ಮುಗೀತು.”

9.40ಕ್ಕೆ ಎಫ್‌ಐಆರ್ ಸಂಖ್ಯೆ 14 ದಾಖಲಾಯಿತು. ಕಳುವಾದ ಸ್ವತ್ತು: ಹಳದಿ ಬಣ್ಣದ ದೊಡ್ಡ ಅಡುಗೆ ಡೇರೆ ಒಂದು, ಮಲಗುವ ಡೇರೆ ಆರು, ಒಲೆ ಎರಡು, ಹದಿಮೂರು ಜನಕ್ಕೆ ಮೂರು ದಿನದ ಆಹಾರ, ಹಿಮಕರಡಿ ಬಂದರೆ ಎಚ್ಚರಿಸುವ ಪಟಾಕಿ ತಂತಿ ಒಂದು ಸುತ್ತು.

“ಸ್ಥಳ ತೋರಿಸೋಕೆ ಬರ್ತೀಯಲ್ಲ?” ಕರಾಲೆ ಕೇಳಿದ.

ಡಿನೆಸ್ ಹುಬ್ಬೇರಿಸಿದ. ಹೌದು ಎಂದರ್ಥ. ಕರಾಲೆ ದೋಣಿಯ ಬೀಗದ ಕೈ ತೆಗೆದುಕೊಂಡ.

12.30ಕ್ಕೆ ಉಮಿವಿಕ್. ಒಂದು ಕಾಲಕ್ಕೆ ಇಲ್ಲಿ ಆರು ಮನೆಗಳಿದ್ದವು. ಸರ್ಕಾರ ಜನರನ್ನು ಕಿಂಗಾಕ್‌ಗೆ ಸಾಗಿಸಿ ಅರವತ್ತು ವರ್ಷ ದಾಟಿತು. ಈಗ ಉಳಿದಿರುವುದು ಹುಲ್ಲು ಮುಚ್ಚಿದ ಕಲ್ಲಿನ ತಳಪಾಯಗಳು ಮಾತ್ರ. ಅವುಗಳಲ್ಲಿ ದೊಡ್ಡದೊಂದರ ಸುತ್ತ ಡಿನೆಸ್ ಡೇರೆ ಹಾಕಿದ್ದ.

ಕರಾಲೆ ಮಂಡಿಯೂರಿ ಪಂಚನಾಮೆ ಬರೆಯಲು ಕುಳಿತ. ಸಿಟ್ಟಿನ ಮನುಷ್ಯ, ಆದರೆ ಬರೆಯುವಾಗ ಅಕ್ಷರ ಮುತ್ತಿನ ಹಾಗೆ. ಕರಡಿಯ ಹೆಜ್ಜೆ ಇಲ್ಲ. ಹರಿದ ಬಟ್ಟೆಯ ಚೂರಿಲ್ಲ. ಗೂಟ ಕಿತ್ತ ಒಂದೊಂದು ತೂತಿಗೂ ಯಾರೋ ಪಾಚಿ ತುಂಬಿ ಮಟ್ಟಸ ಮಾಡಿದ್ದಾರೆ. ತಳಪಾಯದ ನಡುವೆ, ಕಲ್ಲಿನ ಸಂದಿಯಲ್ಲಿ, ಹೆಬ್ಬೆರಳು ಗಾತ್ರದ ಕೆಂಪು ಉಣ್ಣೆಯ ಕಾಲುಚೀಲ ಒಂದು. ಎಡಗಾಲಿನದೋ ಬಲಗಾಲಿನದೋ ಹೇಳಲಾಗದು.

“ಎಂಥಾ ಕಳ್ಳ ಇವನು? ತೂತು ಮುಚ್ಚಿ ಹೋಗ್ತಾನೆ!”

“ನಾನೇ ಅಷ್ಟು ನೀಟಾಗಿ ಮಾಡಲ್ಲ,” ಎಂದ ಡಿನೆಸ್.

“ಇಲ್ಲಿ ಡೇರೆ ಹಾಕ್ತೀನಿ ಅಂತ ಯಾರಿಗೆಲ್ಲ ಗೊತ್ತಿತ್ತು?”

“ಥೊಮಸಿನೆ ಚಿಕ್ಕಮ್ಮನಿಗೆ. ಬೇಸಿಗೆಗೆ ಫಿಯೋರ್ಡಿನ ಆಚೆ ದಂಡೆಯ ಗುಡಿಸಲಿಗೆ ಬಂದಿದಾಳೆ, ಮೊಮ್ಮಗಳ ಜೊತೆ. ಬುಧವಾರ ರೇಡಿಯೋದಲ್ಲಿ ಕೇಳಿದೆ, ‘ನಿಮ್ಮೋರ ಹಳೆ ಮನೆ ಜಾಗದಲ್ಲಿ ಡೇರೆ ಹಾಕ್ಲಾ’ ಅಂತ. ಬೇಡ ಅನ್ನಲಿಲ್ಲ.”

“ಹೂಂ ಅಂದಳಾ?”

“ಸುಮ್ಮನಿದ್ಲು. ಮೌನ ಅಂದ್ರೆ ಒಪ್ಪಿಗೆ ಅಲ್ವಾ?”

ಥೊಮಸಿನೆಯ ಹೆಸರು ಕೇಳಿ ಕರಾಲೆಗೆ ಒಳಗೊಳಗೇ ಮುಜುಗರವಾಯಿತು. ಅವಳ ಗಂಡ ಎನೋಕ್ ಕಳೆದ ಶರತ್ಕಾಲದಲ್ಲಿ ತೀರಿಕೊಂಡಿದ್ದ. ಕರಾಲೆಗೆ ಬಂದೂಕು ಹಿಡಿಯಲು ಕಲಿಸಿದವನೇ ಎನೋಕ್. ಆದರೆ ನಿಷೇಧದ ತಿಂಗಳಲ್ಲಿ ಬೇಟೆಯಾಡಿದನೆಂದು ಕರಾಲೆ ಅದೇ ಬಂದೂಕನ್ನು ವಶಪಡಿಸಿಕೊಂಡಿದ್ದ. ಮುದುಕ ಅಂದಿನಿಂದ ಎರಡು ವರ್ಷ ಮಾತು ಬಿಟ್ಟು, ಬಿಟ್ಟ ಹಾಗೆಯೇ ಹೋಗಿಬಿಟ್ಟ.

1.50ಕ್ಕೆ ಕರಾಲೆ ರೇಡಿಯೋ ಎತ್ತಿದ. “ಚಿಕ್ಕಮ್ಮ, ಕರಾಲೆ ಮಾತಾಡ್ತಿದೀನಿ. ಡಿನೆಸ್‌ನ ಡೇರೆಗಳನ್ನ ಏನಾದ್ರೂ ಕಂಡೆಯಾ?”

ಗರಗರ ಸದ್ದು. ಯಾರೋ ಉಸಿರಾಡುವುದು ಕೇಳಿತು.

“ಚಿಕ್ಕಮ್ಮ? ಡೇರೆ ಎಲ್ಲಿವೆ ಗೊತ್ತಾ?”

ಉಸಿರು ಮಾತ್ರ. ಕರಾಲೆ ಬರೆದ: ‘ಸಾಕ್ಷಿ ಉತ್ತರ ನೀಡಲಿಲ್ಲ.’ “ಇನ್ನೂ ನನ್ನ ಮೇಲೆ ಕೋಪ ಮುದುಕಿಗೆ,” ಎಂದು ಗೊಣಗಿದ.

ಫಿಯೋರ್ಡಿನ ಪಕ್ಕದ ಕವಲಿನಲ್ಲಿ ಹಾಯಿದೋಣಿಯೊಂದು ಲಂಗರು ಹಾಕಿತ್ತು. 2.30ಕ್ಕೆ ಅದನ್ನು ಹತ್ತಿ ತಪಾಸಣೆ ಮಾಡಿದರು. ಒಳಗಿದ್ದ ವಯಸ್ಸಾದ ಗಂಡ ಹೆಂಡತಿ ಪೊಲೀಸರನ್ನು ಕಂಡು ಖುಷಿಯಾಗಿಬಿಟ್ಟರು. ಎಂಟು ದಿನದಿಂದ ಒಬ್ಬರ ಮುಖ ಒಬ್ಬರು ನೋಡಿ ಸಾಕಾಗಿತ್ತಂತೆ. ಹುಳಿ ಸಾರು ಕುಡಿಸದೆ ಬಿಡಲಿಲ್ಲ. ಡೇರೆ ಸಿಗಲಿಲ್ಲ.

ನಾಲ್ಕಕ್ಕೆ ಮತ್ತೆ ಉಮಿವಿಕ್ ಎದುರು ತೇಲುತ್ತಿದ್ದರು. ಡಿನೆಸ್ ಬೆಟ್ಟದ ಕಣಿವೆಯ ಕಡೆಗೇ ನೋಡುತ್ತ ಕುಳಿತಿದ್ದ. ಎರಡೇ ಗಂಟೆ. ಹನ್ನೊಂದು ಜನ ಅಲ್ಲಿಂದ ಇಳಿಯುತ್ತಾರೆ, ಹಸಿದು, ಒದ್ದೆ ಕಾಲುಚೀಲದಲ್ಲಿ.

ರೇಡಿಯೋ ಕೂಗಿತು. ಠಾಣೆಯಿಂದ ವಿಟ್ಟೂಸ್. “ಸಾರ್, ಊರಲ್ಲಿರೋ ಹಳೆ ಡೇರೆ ನಾಲ್ಕು ಒಟ್ಟು ಮಾಡಿದೀನಿ. ತರ್ಲಾ?”

ಕರಾಲೆ ಸಮುದ್ರ ನೋಡುತ್ತಲೇ ಇದ್ದ.

“ಸಾರ್? ಕೇಳಿಸ್ತಾ? ತರ್ಲಾ ಬೇಡ್ವಾ?”

“ಹೇಳಿದೆನಲ್ಲಯ್ಯ, ತಾ ಅಂತ!”

“ಎಲ್ಲಿ ಹೇಳಿದ್ರಿ ಸಾರ್?”

ಡಿನೆಸ್ ಆ ಸಂಕಟದಲ್ಲೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಕರಾಲೆಯಣ್ಣ, ನೀನು ಹುಬ್ಬೇರಿಸಿದೆ! ಎರಡೆರಡು ಸಲ! ರೇಡಿಯೋಗೆ ಕಣ್ಣಿದೆಯಾ?”

ಕರಾಲೆ ತಟ್ಟನೆ ತಿರುಗಿದ. ಕೈಯಲ್ಲಿದ್ದ ರೇಡಿಯೋವನ್ನೂ ಡಿನೆಸ್‌ನ ಮುಖವನ್ನೂ ನೋಡಿದ. ಆಮೇಲೆ ಪಂಚನಾಮೆ ತೆಗೆದು ಕೊನೆಯ ಸಾಲು ಓದಿದ. ಉತ್ತರ ನೀಡಲಿಲ್ಲ.

“ಥೊಮಸಿನೆ ಮನೆಯಲ್ಲಿ ರೇಡಿಯೋ ಹಿಡೀತಿದ್ದೋರು ಯಾರು?”

“ಎನೋಕ್ ಚಿಕ್ಕಪ್ಪ. ಆಕೆ ಯಾವತ್ತೂ ಮುಟ್ಟಿದೋಳಲ್ಲ.”

“ಎನೋಕ್ ಸತ್ತ. ಈಗ ಆಕೆ ಹಿಡೀತಿದಾಳೆ. ಬುಧವಾರ ನೀನು ‘ಡೇರೆ ಹಾಕ್ಲಾ’ ಅಂದಾಗ ಆಕೆ ಸುಮ್ಮನಿರಲಿಲ್ಲ, ಪೆದ್ದ. ಮೂಗು ಸುಕ್ಕಿಸಿದ್ಲು! ನಾನು ‘ಡೇರೆ ಎಲ್ಲಿವೆ ಗೊತ್ತಾ’ ಅಂದಾಗ ಹುಬ್ಬೇರಿಸಿದ್ಲು. ತಪ್ಪು ಒಪ್ಕೊಂಡು ಎರಡು ಗಂಟೆ ಆಗಿದೆ, ನಾವಿಲ್ಲಿ ಹುಳಿ ಸಾರು ಕುಡೀತಾ ಇದೀವಿ!”

“ಆಚೆ ದಂಡೆಗೆ ಹೋಗೋಣ್ವಾ?”

“ಅಷ್ಟು ದೂರಕ್ಕೆ ಏಳು ಡೇರೆ ಆಕೆಯ ಚಿಕ್ಕ ದೋಣಿಯಲ್ಲಿ ಸಾಗಲ್ಲ. ಇಲ್ಲೇ ಹತ್ತಿರ. ಆ ನೆಲದ ಮೂತಿ ಸುತ್ತಿ ದೋಣಿ ನಡೆಸು.”

ನೆಲ ಸಮುದ್ರಕ್ಕೆ ಮೂತಿ ಚಾಚಿದ ಕಡೆ ಬಂಡೆಯ ಹಿಂದೆ ಏಳುನೂರು ಮೀಟರ್ ದೂರದಲ್ಲಿ ಒಂದು ತೊರೆ ಇಳಿಯುತ್ತದೆ. 4.30ಕ್ಕೆ ದೋಣಿ ಬಂಡೆ ಸುತ್ತಿತು. ತೊರೆಯ ಪಕ್ಕದಲ್ಲಿ ಏಳು ಡೇರೆಗಳು ಸಾಲಾಗಿ ನಿಂತಿದ್ದವು, ಒಂದೂ ಸುಕ್ಕಿಲ್ಲದೆ. ಹಳದಿ ಡೇರೆಯಿಂದ ಹೊಗೆ ಬರುತ್ತಿತ್ತು. ಬಿಸಿ ರೊಟ್ಟಿಯ ವಾಸನೆ ನೀರಿನವರೆಗೂ ಬಂದಿತ್ತು.

ಕರಾಲೆ ದೋಣಿಯಿಂದ ಹಾರಿ, ತೋಳು ಮೇಲೇರಿಸಿಕೊಂಡು, ಕಾನೂನೇ ನಡೆದು ಬಂದಂತೆ ದಾಪುಗಾಲು ಹಾಕಿದ. ಹನ್ನೆರಡನೆಯ ಹೆಜ್ಜೆಗೆ ಕರಡಿಯ ತಂತಿಗೆ ಎಡವಿದ. ಢಂ! ಫಿಯೋರ್ಡಿನ ಎರಡೂ ಗೋಡೆ ಗುಡುಗಿದವು. ಇನ್ಸ್‌ಪೆಕ್ಟರ್ ಪಾಚಿಯ ಮೇಲೆ ಮುಖ ಅಡಿಯಾಗಿ ಮಲಗಿದ್ದ.

ಡೇರೆಯೊಳಗಿಂದ ಮಗುವಿನ ಕಿರುಚಾಟ. ಹಿಂದೆಯೇ ಥೊಮಸಿನೆ ಹೊರಬಂದಳು; ಎಪ್ಪತ್ತು ದಾಟಿದ ಗಿಡ್ಡ ಹೆಂಗಸು, ಮೊಣಕೈವರೆಗೆ ಹಿಟ್ಟು.

“ಎಬ್ಬಿಸಿಬಿಟ್ಯಾ? ಈಗ ತಾನೇ ಯಜಮಾನ್ರು ಕಣ್ಣು ಮುಚ್ಚಿದ್ರು!”

ಅವಳ ಮೊಮ್ಮಗಳು ಸಬೀನೆ ತನ್ನ ಮೂರು ವಾರದ ಕೂಸನ್ನು ಎತ್ತಿಕೊಂಡು ಬಂದಳು. ಒಂದು ಕಾಲಿಗೆ ಕೆಂಪು ಕಾಲುಚೀಲ, ಇನ್ನೊಂದು ಬರಿಗಾಲು.

“ಹೆಸರು?” ಕರಾಲೆ ಎದ್ದು ಕೂತು ಕೇಳಿದ. ಕೇಳಬೇಕಾಗಿರಲಿಲ್ಲ. ಮನೆಯಲ್ಲೊಬ್ಬರು ಹೋದ ಮೇಲೆ ಹುಟ್ಟಿದ ಕೂಸಿಗೆ ಹೋದವರದೇ ಹೆಸರು. ಹೆಸರಿನ ಜೊತೆ ಅವರೇ ಬಂದ ಹಾಗೆ.

“ಎನೋಕ್,” ಎಂದಳು ಸಬೀನೆ.

ವಿಚಾರಣೆ 4.45ಕ್ಕೆ ಹಳದಿ ಡೇರೆಯಲ್ಲಿ ಆರಂಭವಾಯಿತು.

“ಡೇರೆ ಕಿತ್ತೋರು ಯಾರು?”

“ನಾನು. ಇವಳು ಹಗ್ಗ ಸುತ್ತಿದ್ಲು. ಮೂರು ಸಲ ದೋಣಿ ಹುಟ್ಟು ಹಾಕಿದ್ವಿ.”

“ಯಾಕೆ?”

“ಯಾಕಂದ್ರೆ? ಆ ಮನೆಯಲ್ಲಿ ಹುಟ್ಟಿದೋರು ಯಜಮಾನ್ರು. ಏಳು ವರ್ಷದೋರಿದ್ದಾಗ ಸರ್ಕಾರದೋರು ದೋಣಿಗೆ ತುಂಬಿಕೊಂಡು ಹೋದ್ರು. ‘ಒಂದು ಬೇಸಿಗೆ ಅಲ್ಲೇ ಮಲಗಬೇಕು ಕಣೆ’ ಅಂತ ಸಾಯೋವರೆಗೂ ಅಂತಿದ್ರು. ಈ ವರ್ಷ ಆಗ್ಲಿಲ್ಲ, ಮುಂದಿನ ವರ್ಷ, ಅದರ ಮುಂದಿನ ವರ್ಷ. ಈಗ ಬಂದಿದಾರಲ್ಲ, ಮೊದಲನೇ ಬೇಸಿಗೆ. ಕರ್ಕೊಂಡು ಬಂದ್ರೆ ಇವನ ಅಡುಗೆಮನೆ ನಮ್ಮ ಹಾಸಿಗೆ ಮೇಲೆ ಕೂತಿದೆ! ಬೇಡ ಅಂತ ಹೇಳಿದ್ದೆ.”

“ಮೂಗಲ್ಲಿ ಹೇಳಿದೆ, ಚಿಕ್ಕಮ್ಮ!” ಎಂದ ಡಿನೆಸ್.

“ಮತ್ತೆ ಮೊಣಕಾಲಲ್ಲಿ ಹೇಳ್ಬೇಕಿತ್ತಾ?”

“ನನ್ನ ಕೂಗಿ ತಿಳಿಸಬಹುದಿತ್ತಲ್ಲ!”

“ಗುಡ್ಡದ ಹಿಂದೆ ನೋಡೋಕೆ ಕಾಲಿಲ್ವಾ ನಿಂಗೆ? ಮಾರ್ಗದರ್ಶಿಯಂತೆ! ಅಲ್ಲಿ ಹಿಮದ ಗಾಳಿ ನೇರ ಹೊಡೆಯತ್ತೆ, ನಿನ್ನ ಜನ ಬೆಳಗಾಗೋದ್ರಲ್ಲಿ ಸಮುದ್ರದಲ್ಲಿರ್ತಿದ್ರು. ಇಲ್ಲಿ ನೋಡು, ದೀಪ ಅಲುಗಲ್ಲ.”

ಡಿನೆಸ್ ಸುತ್ತ ನೋಡಿದ. ಒಲೆಯ ಮೇಲೆ ಸೀಲ್ ಮಾಂಸದ ಸಾರು ಕುದಿಯುತ್ತಿತ್ತು. ಮಲಗುವ ಡೇರೆಗಳ ಬಾಗಿಲೆಲ್ಲ ಗಾಳಿಗೆ ಬೆನ್ನು ಹಾಕಿದ್ದವು. “ದೂರು ವಾಪಸ್ ತಗೋತೀನಿ, ಅಣ್ಣ,” ಎಂದ.

“ತಗೊಂಡ್ರೆ ನೋಡು!” ಥೊಮಸಿನೆ ಸೌಟು ಎತ್ತಿದಳು. “ಕರಾಲೆ, ನನ್ನ ದಸ್ತಗಿರಿ ಮಾಡು.”

“ಏನು?”

“ಮಾಡು ಅಂದೆ. ಯಾಕೆ ಕಿತ್ತೆ ಅಂತ ಬರೀಬೇಕಲ್ಲ ನೀನು? ‘ಇಲ್ಲಿ ಎನೋಕ್ ಮನೆ ಇತ್ತು’ ಅಂತ ಬರಿ. ಮೊಹರು ಒತ್ತು. ಆ ಮನೆ ಇತ್ತು ಅಂತ ಹೇಳೋ ಒಂದು ಕಾಗದ ಯಾವ ಕಚೇರಿಲೂ ಇಲ್ಲ.”

ಕರಾಲೆ ಒಂದು ಹೊಸ ಹಾಳೆ ತೆಗೆದ. ಆಮೇಲೆ ಟೋಪಿ ಹಾಕಿಕೊಂಡು ಎದ್ದು ನಿಂತ.

“ಥೊಮಸಿನೆ, ಪರರ ಸ್ವತ್ತನ್ನು ಅನುಮತಿ ಇಲ್ಲದೆ ಸ್ಥಳಾಂತರಿಸಿದ ಆರೋಪ ಒಪ್ಕೋತೀಯಾ?”

ಮುದುಕಿಯ ಹುಬ್ಬು ಏರಿತು. ಈ ಸಲ ಅವನು ನೋಡುತ್ತಿದ್ದ.

5.20ಕ್ಕೆ ದಸ್ತಗಿರಿ. ಕೋಳ ಹಾಕಲಿಲ್ಲ; ರೊಟ್ಟಿ ಇನ್ನೂ ಬೇಯುತ್ತಿತ್ತು. ಆರೋಪಿಯನ್ನು ಅಡುಗೆ ಡೇರೆಯಲ್ಲೇ ವಶದಲ್ಲಿ ಇರಿಸಲಾಯಿತು.

ಆರಕ್ಕೆ ಐದು ನಿಮಿಷವಿರುವಾಗ ಡಿನೆಸ್ ಹಳೆಯ ದಂಡೆಯಲ್ಲಿ ಕಾದು ನಿಂತು ತನ್ನ ಹನ್ನೊಂದು ಜನರನ್ನು ಕರೆತಂದ. ಅವರು ಬೂಟು ಬಿಚ್ಚಿ ಎಸೆದು ತೊರೆಯಲ್ಲಿ ಕಾಲಿಟ್ಟು ಅರಚಿದರು, ನಕ್ಕರು, ಒಬ್ಬ ಹಾಡಿದ. ಏಳು ದಾಟಿದ ಮೇಲೆ ನಾಲ್ಕು ಹಳೆ ಡೇರೆ ಹೊತ್ತು ಬಂದ ವಿಟ್ಟೂಸ್ ಅವನ್ನು ಹಾಸಿಕೊಂಡು ಅದರ ಮೇಲೆಯೇ ಊಟಕ್ಕೆ ಕುಳಿತ. ಪರೀಕ್ಷಕಿ ಮೂರನೆಯ ಬಟ್ಟಲು ಸಾರಿಗೆ ಕೈಚಾಚುತ್ತ ಕೇಳಿದಳು: “ಆರು ದಿನದಲ್ಲಿ ಇಷ್ಟು ಒಳ್ಳೆ ಜಾಗ ನೋಡಿಲ್ಲ. ಯಾರು ಆರಿಸಿದ್ದು?”

“ಆ ಹಿರಿಯರು,” ಎಂದು ಡಿನೆಸ್ ಕೂಸಿನ ಕಡೆ ಕೈ ತೋರಿಸಿದ. ಆಕೆ ನಗುತ್ತ ಅವನ ಹೆಸರಿನ ಮುಂದೆ ಗುರುತು ಹಾಕಿದಳು.

ಕರಾಲೆ ಒಲೆಯ ಪಕ್ಕ ಕುಳಿತು ವರದಿ ಮುಗಿಸಿದ. ಕೃತ್ಯದ ಉದ್ದೇಶ ಎಂಬಲ್ಲಿ ಬರೆದ: ‘ಉಮಿವಿಕ್ ದಂಡೆಯ ದೊಡ್ಡ ತಳಪಾಯ ಎನೋಕ್ ಅವರ ಮನೆ. ಅವರು ಊರಿಗೆ ಮರಳಿದ್ದು, ಆರೋಪಿಯು ತಮ್ಮ ಗಂಡನ ಹಾಸಿಗೆಯ ಜಾಗವನ್ನು ತೆರವು ಮಾಡಿದ್ದಾರೆ.’ ಮೊಹರು ಒತ್ತಿದ. ಆರೋಪಿಯನ್ನು ಬಿಡುಗಡೆ ಮಾಡಿದ. ಆರೋಪಿ ಅವನ ಬಟ್ಟಲಿಗೆ ಇನ್ನೊಂದು ಸೌಟು ಸುರಿದಳು.

ಆಮೇಲೆ ಸಾಕ್ಷ್ಯದ ಚೀಲದಿಂದ ಕೆಂಪು ಕಾಲುಚೀಲ ತೆಗೆದು, ಸಬೀನೆಯ ತೊಡೆಯ ಮೇಲಿದ್ದ ಕೂಸಿನ ಬರಿಗಾಲಿಗೆ ತೊಡಿಸಿದ. ಯಾರಿಗೂ ಕೇಳಿಸದಂತೆ ಬಗ್ಗಿ ಹೇಳಿದ: “ಎನೋಕ್ ಚಿಕ್ಕಪ್ಪ, ಬಂದೂಕು ಠಾಣೆಯಲ್ಲಿ ಭದ್ರವಾಗಿದೆ. ಎಣ್ಣೆ ಹಾಕಿ ಇಟ್ಟಿದೀನಿ. ದೊಡ್ಡೋನಾದ ಮೇಲೆ ಬಂದು ತಗೊಂಡು ಹೋಗು. ಕೋಪ ಹೋಯ್ತಾ?”

ಕೂಸು ಆಕಳಿಸಿತು. ಅವನನ್ನೇ ದಿಟ್ಟಿಸಿತು. ಆಮೇಲೆ ಎರಡೂ ಹುಬ್ಬು ಮೇಲೇರಿಸಿತು.