ಅತ್ತೆ ಒರಗಿದ್ದ ಗೋಡೆ

ಇಳಕಲ್ಲಿನ ನಮ್ಮ ಮನೆಯಲ್ಲಿ, ಪಡಸಾಲೆಯ ಗೋಡೆಗೆ ಸೀರೆ ತೂಗುಹಾಕಿ ಫೋಟೊ ತೆಗೆದು ಗಿರಾಕಿಗಳಿಗೆ ಕಳಿಸುವುದು ನನ್ನ ಕೆಲಸ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಫೋನಿನಲ್ಲಿ ಜಾಗವೇ ಉಳಿಯಲಿಲ್ಲ. ತುಂಬಿದ್ದೆಲ್ಲ ನನ್ನ ಅತ್ತೆ ನೀಲವ್ವನ ಕೊನೆಯ ಫೋಟೊಗಳು. ನಮ್ಮಲ್ಲಿ ಮಣ್ಣು ಕೊಡುವ ಮೊದಲು ತೀರಿಹೋದವರನ್ನು ಕೂರಿಸುತ್ತಾರೆ. ಅತ್ತೆಯನ್ನೂ ಇದೇ ಗೋಡೆಗೆ ಒರಗಿಸಿ, ತಲೆ ವಾಲದಂತೆ ಬಟ್ಟೆಯಿಂದ ಮೊಳೆಗೆ ಕಟ್ಟಿ, ಹಣೆಗೆ ವಿಭೂತಿ ಬಳಿದಿದ್ದರು. ಬಂದವರೆಲ್ಲ ತೆಗೆದ ಫೋಟೊಗಳು ನನ್ನ ಫೋನಿಗೇ ಬಂದಿದ್ದವು.

"ಒಂದ ಇಟ್ಕೊಂಡು ಉಳದದ್ದು ಅಳಿಸಿಬಿಡ. ಅವ್ವ ಏನ್ ಸಿಟ್ಟಾಗೂದಿಲ್ಲ," ಎಂದರು ನನ್ನ ಗಂಡ ಅಮರೇಶ.

ಹಾಗೇ ಮಾಡಿದೆ. ಫೋನು ಮುಖ ಗುರುತಿಸಿ ಒಬ್ಬೊಬ್ಬರ ಫೋಟೊಗಳನ್ನು ಒಂದೆಡೆ ಕೂಡಿಸಿಡುತ್ತದೆ. ಅತ್ತೆಯದು ಒಂದೇ ಉಳಿಯಬೇಕಿತ್ತು, ಎರಡಿದ್ದವು. ಎರಡನೆಯದು ಅಂದು ಬೆಳಿಗ್ಗೆ ನಾನೇ ತೆಗೆದ ಸೀರೆಯದು. ಸೀರೆಯ ಪಕ್ಕದ ಬರಿಗೋಡೆಯ ಮೇಲೆ, ಕುಳಿತವರ ತಲೆಯ ಎತ್ತರಕ್ಕೆ, ಫೋನು ಮುಖದ ಗುರುತಿನ ಚೌಕ ಹಾಕಿತ್ತು.

ಗೋಡೆಯ ಆ ಜಾಗದ ಮೇಲೆ ಕೈಯಿಟ್ಟೆ. ಸುತ್ತಲೂ ಬಿಸಿಲಿಗೆ ಕಾದಿತ್ತು. ಒಂದು ತಲೆಯಷ್ಟು ಅಗಲ ಮಾತ್ರ ತಣ್ಣಗಿತ್ತು.

"ಇಲ್ಲಿ ಮುಟ್ಟಿ ನೋಡ್ರಿ," ಎಂದೆ.

ಅವರು ಮುಟ್ಟಿ, ಬೆರಳು ಮೂಸಿ, ಅಂಗಿಗೆ ಒರೆಸಿಕೊಂಡರು. "ನಾಳೆ ಸುಣ್ಣಾ ಹಚ್ಚಸೂಣು," ಎಂದರಷ್ಟೆ.

ಸುಣ್ಣ ಹಚ್ಚಿಸಿದೆವು. ಈಗ ನಾನು ಅಡುಗೆಮನೆಯ ಗೋಡೆಗೆ ಸೀರೆ ತೂಗುಹಾಕುತ್ತೇನೆ. ನಿನ್ನೆ ಅಲ್ಲಿ ತೆಗೆದ ಫೋಟೊ ಕೂಡ ಅತ್ತೆಯ ಫೋಟೊಗಳ ಜೊತೆ ಸೇರಿಕೊಂಡಿದೆ. ಈ ಸಲ ಚೌಕ ನಿಂತವರ ತಲೆಯ ಎತ್ತರಕ್ಕಿದೆ.