ಪದ್ಮಿನಿ ಓಣಿ ದಾಟಿದ ಬಗೆ

ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಕಾರಿರಲಿಲ್ಲ.

ಸಿಮೆಂಟು ನೆಲದ ಮೇಲೆ ಎಣ್ಣೆಯ ಕಲೆ, ಮೂಲೆಯಲ್ಲಿ ಸವೆದ ಟೈರು— ಅಷ್ಟೇ ಉಳಿದಿತ್ತು. ಮುನಿವೆಂಕಟಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಆರಡಿ ಮೀರಿದ ಆಳು, ದಪ್ಪ ಗಾಜಿನ ಕನ್ನಡಕ, ಉಡಿದಾರಕ್ಕೆ ಕಟ್ಟಿದ ಕಾರಿನ ಕೀ. ಸ್ಕೂಟರಿನಿಂದ ಇನ್ನೂ ಇಳಿಯುತ್ತಿದ್ದ ಪ್ರೇಮ್‌ಕುಮಾರನನ್ನು ನೋಡಿದವರೇ ಆ ಕೀಯನ್ನು ಎತ್ತಿ ಹಿಡಿದರು.

“ಭಾನುವಾರ ಬಂದಾಗ ಈ ಕೀ ಮುಟ್ಟಿದ್ದೆ ಅಲ್ವಾ ನೀನು?”

“ನೀವೇ ಕೊಟ್ರಲ್ಲ ಸಾರ್. ಸ್ಟಾರ್ಟ್ ಮಾಡಿ ನೋಡು ಅಂದ್ರಿ.”

“ಅಚ್ಚು ತಗೊಂಡ್ಯಾ?”

ಹಲಸೂರಿನಿಂದ ಕಮ್ಮನಹಳ್ಳಿಗೆ ಪ್ರೇಮ್‌ಕುಮಾರ ಮುಂಗಡ ಕೊಟ್ಟು ಕಾರು ಒಯ್ಯಲು ಬಂದಿದ್ದ. ಹೆಂಡತಿ ಯಮುನಾ, ಅವಳಿ ಹೆಣ್ಣುಮಕ್ಕಳು, ತಾನು— ಮಕ್ಕಳು ಬೆಳೆದ ಮೇಲೆ ನಾಲ್ವರೂ ಒಂದೇ ಸ್ಕೂಟರಿನಲ್ಲಿ ಹಿಡಿಯುತ್ತಿರಲಿಲ್ಲ. ಹೊಸ ಕಾರು ಕನಸಿನ ಮಾತು. ಪೇಪರಿನಲ್ಲಿ ಈ ಹಳೆಯ ಪದ್ಮಿನಿ ಕಾರಿನ ಜಾಹೀರಾತು ಕಂಡಾಗ ಅವನಿಗೆ ಬಾಗಿಲೊಂದು ತೆರೆದ ಹಾಗಾಗಿತ್ತು. ಈಗ ತನ್ನನ್ನೇ ಕಳ್ಳ ಅನ್ನುತ್ತಿದ್ದಾರೆ.

“ನಿಧಾನ ಸ್ವಾಮಿ,” ಎಂದರು ಅವನ ಹಿಂದೆ ಕೂತು ಬಂದಿದ್ದ ಆದಿಲಕ್ಷ್ಮಿ. ಯಮುನಾಳ ಚಿಕ್ಕಮ್ಮ. ಗುದ್ದಿಸಿಕೊಂಡ ವಾಹನಗಳನ್ನು ಪರೀಕ್ಷಿಸಿ ವರದಿ ಕೊಡುವ ವಿಮಾ ಸರ್ವೇಯರ್. ಲಾರಿ ಗುದ್ದಿದ್ದೋ, ಮಾಲೀಕನೇ ದುಡ್ಡಿಗಾಗಿ ಗೋಡೆಗೆ ಗುದ್ದಿಸಿದ್ದೋ— ತಗಡಿನ ಮಡಿಕೆ ನೋಡಿ ಹೇಳಬಲ್ಲವರು. ಕಾರನ್ನು ಒಮ್ಮೆ ನೋಡಿಬಿಡಿ ಎಂದು ಪ್ರೇಮ್‌ಕುಮಾರನೇ ಅವರನ್ನು ಕರೆತಂದಿದ್ದ. “ಅಚ್ಚು ತಗೊಂಡು ಕದ್ದವನು ಮುಂಗಡ ಹಿಡ್ಕೊಂಡು ಯಾಕೆ ಬರ್ತಾನೆ?”

ಮುನಿವೆಂಕಟಪ್ಪ ಗುರುಗುಟ್ಟಿದರು. “ಹಂಗಾದ್ರೆ ಇವ್ನೇ.”

ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಅಹ್ಮದ್ ಪಾಷಾ ಕೂತಿದ್ದ. ಶಿವಾಜಿನಗರದ ಮೆಕ್ಯಾನಿಕ್. ಇಪ್ಪತ್ತು ವರ್ಷದಿಂದ ಈ ಕಾರಿನ ಆರೈಕೆ ಅವನದೇ. ಗಾಡಿಯನ್ನು ಹೊಸಬರಿಗೆ ಒಪ್ಪಿಸುವಾಗ ಇರಲಿ ಎಂದು ಇವತ್ತು ಬರಹೇಳಿದ್ದರು. ಅವನು ತಲೆ ತಗ್ಗಿಸಿ ನೆಲ ನೋಡುತ್ತಿದ್ದ.

“ಎರಡನೇ ಕೀ ಇವನತ್ರ ಇತ್ತು. ಎಲ್ಲಿ ಅಂದ್ರೆ ಬಾಯ್ ಬಿಡ್ತಾ ಇಲ್ಲ. ಠಾಣೆಗೆ ಎಳ್ಕೊಂಡು ಹೋದ್ರೆ ಬಿಡ್ತಾನೆ.”

ಜಗಲಿಯ ಮೇಲೆ ಮೊರದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವರ ಹೆಂಡತಿ ಮುನಿಶಾಮಮ್ಮ ತಲೆ ಎತ್ತಿದರು. ಗಿಡ್ಡನೆಯ, ಮಾತು ಕಡಿಮೆಯ ಹೆಂಗಸು. ಏನೋ ಹೇಳಹೋದರು. “ನೀನು ಸುಮ್ಕಿರೇ,” ಎಂದರು ಮುನಿವೆಂಕಟಪ್ಪ. ಅವರು ಮತ್ತೆ ಸೊಪ್ಪಿಗೆ ಕೈಹಾಕಿದರು.

“ಠಾಣೆಗೆ ಆಮೇಲೆ ಹೋಗೋಣ,” ಎಂದರು ಆದಿಲಕ್ಷ್ಮಿ. “ಮೊದಲು ನಾನು ಸ್ವಲ್ಪ ಕೇಳ್ಬಹುದಾ? ಕಾರು ಕಡೇಸಲ ನೋಡಿದ್ದು ಯಾವಾಗ?”

“ಬೆಳಿಗ್ಗೆ ಅಶ್ವತ್ಥಕಟ್ಟೆಗೆ ಹೋಗೋ ಮುಂಚೆ. ದಿನಾ ಹೋಗ್ತೀನಿ. ಮಧ್ಯಾಹ್ನದ ಊಟಕ್ಕೆ ಬರೋದು. ಇವತ್ತು ನೀವು ಬರ್ತೀರ ಅಂತ ಬೇಗ ಬಂದೆ. ಬಂದು ನೋಡಿದ್ರೆ ಹಿಂಗೆ.”

“ಶೆಡ್ಡಿನ ಬೀಗ ಒಡೆದಿತ್ತಾ?”

“ಇಲ್ಲ. ಬೀಗದಕೈ ಅಡುಗೆಮನೆ ಮೊಳೆಗೆ ನೇತಾಡ್ತಿರ್ತದೆ. ಎಲ್ರಿಗೂ ಗೊತ್ತು.”

“ಯಾರ ಮೇಲಾದ್ರೂ ಅನುಮಾನ? ಪಾಷಾ ಬಿಟ್ಟು.”

“ಅಂಬಣ್ಣ ಅಂತ ಒಬ್ಬ ಬ್ರೋಕರು. ಶನಿವಾರ ಬಂದು ಗಾಡಿಗೆ ಗುಜರಿ ರೇಟು ಕೇಳಿದ. ಆಚೆಗೆ ಅಟ್ಟಿದೆ. ನೀನು ಈ ಗಾಡಿ ಹೆಂಗೆ ಮಾರ್ತೀಯೋ ನೋಡ್ತೀನಿ ಅಂತ ಹೇಳಿ ಹೋದ.”

“ಅಂಬಣ್ಣನಿಗೆ ಕಾರು ಓಡ್ಸೋಕೆ ಬರ್ತದಾ?”

ಮುನಿವೆಂಕಟಪ್ಪ ಮೊದಲ ಸಲ ನಕ್ಕರು. “ಓಡ್ಸೋಕೆ ಬಂದ್ರೆ ಸಾಕಾ ತಾಯಿ? ಬನ್ನಿ ಇಲ್ಲಿ.”

ಓಣಿಯ ತಿರುವಿಗೆ ಅವರು ಎಲ್ಲರನ್ನೂ ಕರೆದೊಯ್ದರು. ಹಳೆಯ ಹಳ್ಳಿಯ ಓಣಿ. ಎತ್ತಿನ ಗಾಡಿಗಷ್ಟೇ ಅಳೆದು ಬಿಟ್ಟ ದಾರಿ. ತಿರುವಿನಲ್ಲಿ ಯಾವ ಕಾಲದ್ದೋ ಒಂದು ಕಲ್ಲುಕಂಬ, ಎದುರಿಗೆ ಮನೆಯ ಗೋಡೆ. ನಡುವೆ ಕಾರು ಹೋದರೆ ಎರಡೂ ಕಡೆ ಅಂಗೈ ಅಗಲ ಉಳಿದೀತು. “ಇಪ್ಪತ್ತು ವರ್ಷ ಈ ಗಾಡಿ ಓಡ್ಸಿದೀನಿ. ಮುಂದೊಬ್ಬ ಹಿಂದೊಬ್ಬ ನಿಂತು ಬಲ, ಎಡ ಅಂತ ಹೇಳ್ಬೇಕಿತ್ತು. ಆದ್ರೂ ಉಜ್ಜೋದು. ಈ ಓಣಿಯಿಂದ ಒಬ್ಬನೇ ತೆಗೀಬೇಕು ಅಂದ್ರೆ ಪಾಷಾ ತರದವನೇ ಆಗ್ಬೇಕು.”

ಆದಿಲಕ್ಷ್ಮಿ ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಲ್ಲಿನ ಮೈಮೇಲೆ ಕೆನೆಬಣ್ಣದ ಗೀರುಗಳು ಒಂದರ ಮೇಲೊಂದು. ಉಗುರಿನಿಂದ ಕೆರೆದರು. ಗೀರುಗಳ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು.

“ಪಾಷಾ, ನೀವು ಇಲ್ಲಿಂದ ಉಜ್ಜದೆ ತೆಗೀತೀರಾ?”

ಪಾಷಾ ತಲೆ ಎತ್ತಿದ. “ನಿಜ ಹೇಳ್ಬೇಕಾ ಮೇಡಂ? ನಾನೂ ಎರಡ್ಸಲ ಉಜ್ಜಿದೀನಿ.”

“ಎರಡನೇ ಕೀ ಎಲ್ಲಿ?”

“ನನ್ನತ್ರ ಇಲ್ಲ.”

“ಯಾರತ್ರ ಇದೆ?”

ಪಾಷಾ ಮತ್ತೆ ತಲೆ ತಗ್ಗಿಸಿದ. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಭಯ ಪಟ್ಟವನ ಮುಖ ಅದಲ್ಲ ಅನ್ನಿಸಿತು ಪ್ರೇಮ್‌ಕುಮಾರನಿಗೆ. ಭಾರ ಹೊತ್ತವನ ಮುಖ.

“ನೋಡಿದ್ರಾ, ನೋಡಿದ್ರಾ,” ಎಂದು ಮುನಿವೆಂಕಟಪ್ಪ ಫೋನಿದ್ದ ಅಂಗಡಿಯ ಕಡೆ ಹೊರಟರು. ಆದಿಲಕ್ಷ್ಮಿ ತಡೆದರು. “ಇನ್ನೊಂದೇ ವಿಷಯ. ಪ್ರೇಮ್, ಭಾನುವಾರ ಇಲ್ಲಿ ಏನೇನಾಯ್ತು, ಬಿಡದೆ ಹೇಳು.”

ಪ್ರೇಮ್‌ಕುಮಾರ ಹೇಳತೊಡಗಿದ. ಹೆಣ್ಣು ಕೇಳಲು ಹೋದವನಿಗೆ ಕೇಳುವ ಹಾಗೆ ಊರು, ಕೆಲಸ, ಕುಡಿತ ಇದೆಯೇ, ಸಿಗರೇಟು ಇದೆಯೇ ಎಂದೆಲ್ಲ ಕೇಳಿದ ಮೇಲೆ ಶೆಡ್ಡು ತೆರೆದದ್ದು. ಚಪ್ಪಲಿ ಬಿಡಿಸಿ ಕೂರಿಸಿದ್ದು. ಬಾಗಿಲು ಜೋರಾಗಿ ಹಾಕಿದ್ದಕ್ಕೆ ಬೈದದ್ದು. ರಸ್ತೆಗೆ ತೆಗೆಯಲು ಬಿಡದೆ, ನಿಂತಲ್ಲೇ ಸ್ಟಾರ್ಟ್ ಮಾಡಲು ಹೇಳಿದ್ದು.

“ಸ್ಟಾರ್ಟ್ ಆಯ್ತಾ?”

“ಮೊದಲ ಸಲಕ್ಕೇ. ಗಂಟೆ ಹೊಡೆದ ಹಾಗೆ.”

“ಮಡಗಿರೋದು ಹಂಗೆ,” ಎಂದರು ಮುನಿವೆಂಕಟಪ್ಪ ಎದೆಯುಬ್ಬಿಸಿ. “ಕಣ್ಣು ಮಂಜಾಯ್ತು, ಡಾಕ್ಟ್ರು ಓಡಿಸ್ಬೇಡ ಅಂದ್ರು. ಹಿಂದಿನ ವರ್ಷದ ಆಯುಧಪೂಜೆ ಆದ್ಮೇಲೆ ಚಕ್ರ ಉರುಳಿಲ್ಲ. ಆದ್ರೂ ಒಂದೇ ಸಲಕ್ಕೆ.”

ಆದಿಲಕ್ಷ್ಮಿ ಪ್ರೇಮ್‌ಕುಮಾರನ ಕಡೆ ತಿರುಗಿದರು. “ಸೀಟು?” ಎಂದು ಕೇಳಿದರು.

“ಡ್ರೈವರ್ ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿತ್ತು, ದಪ್ಪಗೆ. ಹರಿದಿರೋದು ಮುಚ್ಚೋಕೆ ಅಂದ್ಕೊಂಡೆ. ಎತ್ತಿ ನೋಡಿದ್ರೆ ಕೆಳಗೆ ಸೀಟು ಚೆನ್ನಾಗೇ ಇತ್ತು. ಒಂದು ಹೊಲಿಗೆ ಬಿಟ್ಟಿರಲಿಲ್ಲ.”

“ಕೂತಾಗ?”

“ಇಕ್ಕಟ್ಟಾಯ್ತು. ಸೀಟು ಪೂರ್ತಿ ಮುಂದಕ್ಕಿತ್ತು, ಮೊಣಕಾಲು ಸ್ಟೀರಿಂಗ್‌ಗೆ ತಾಗ್ತಿತ್ತು. ಕನ್ನಡೀಲಿ ಹಿಂದಿನ ಗಾಜು ಕಾಣ್ಲಿಲ್ಲ. ನನ್ನ ಅಂಗಿಯ ಗುಂಡಿ ಕಾಣಿಸ್ತು.”

ಆದಿಲಕ್ಷ್ಮಿ ಎದ್ದು ನಿಂತು ಓಣಿಯ ಉದ್ದಕ್ಕೂ ಕಣ್ಣಾಡಿಸಿದರು. ಮನೆಗಳ ಬಾಗಿಲಲ್ಲೆಲ್ಲ ಜನ ನಿಂತಿದ್ದರು. ಹತ್ತಿರದ ಹೊಸ್ತಿಲ ಮೇಲೆ ಕೂತಿದ್ದ ಪೀರಮ್ಮ ಎಂಬ ಮುದುಕಿಯನ್ನು ಕೇಳಿದರು, “ಅಜ್ಜಿ, ಬೆಳಿಗ್ಗೆ ಕಾರು ಹೋಗಿದ್ದು ನೋಡಿದ್ರಾ?”

“ನಾನೇನೂ ನೋಡ್ಲಿಲ್ಲಮ್ಮ.”

ಪಕ್ಕದ ಮನೆಯವರೂ, “ನಾವೇನೂ ನೋಡ್ಲಿಲ್ಲಮ್ಮ.” ಎದುರು ಮನೆಯವರೂ ಅದೇ ಮಾತು. ಎಲ್ಲರ ಕಣ್ಣೂ ಮುನಿವೆಂಕಟಪ್ಪನವರನ್ನು ತಪ್ಪಿಸಿ ಗೋಡೆ ನೋಡುತ್ತಿದ್ದವು.

“ಸ್ವಾಮಿ,” ಎಂದರು ಆದಿಲಕ್ಷ್ಮಿ, “ನಿಮ್ಮ ಗಾಡಿ ಕಳುವಾಗಿಲ್ಲ. ಪಾಷಾನೂ ತಗೊಂಡಿಲ್ಲ, ಅಂಬಣ್ಣನೂ ತಗೊಂಡಿಲ್ಲ.”

“ಮತ್ತೆ ರೆಕ್ಕೆ ಬಂದು ಹಾರ್ಹೋಯ್ತಾ?”

“ಒಂದು ವರ್ಷ ನಿಂತ ಗಾಡಿ ಮೊದಲ ಸಲಕ್ಕೆ ಸ್ಟಾರ್ಟ್ ಆಗಲ್ಲ. ಬ್ಯಾಟರಿ ಸತ್ತು ಹೋಗಿರ್ತದೆ. ನಿಮ್ಮ ಪದ್ಮಿನಿ ನಿಂತೇ ಇರಲಿಲ್ಲ. ಯಾರೋ ಓಡಿಸ್ತಿದ್ದಾರೆ, ನೀವು ಕಟ್ಟೆಗೆ ಹೋದ ಹೊತ್ತಲ್ಲಿ. ಇವತ್ತು ಮೊದಲ ಸಲ ಅಲ್ಲ.”

ಮುನಿವೆಂಕಟಪ್ಪ ಕನ್ನಡಕ ಸರಿಮಾಡಿಕೊಂಡರು.

“ಹಗಲು ಹೊತ್ತು, ಬಾಗಿಲೆಲ್ಲ ತೆರೆದ ಓಣಿ. ಹೊರಗಿನವನು ಬಂದು ಕಾರು ತೆಗೆದ್ರೆ ಇಷ್ಟು ಜನಕ್ಕೆ ಕಾಣದೆ ಇರ್ತದಾ? ಕಂಡಿದೆ. ಅವರು ನೋಡಿದ್ದು ಕಳ್ಳನನ್ನಲ್ಲ, ಅದಕ್ಕೇ ಕೂಗಲಿಲ್ಲ. ನೀವು ಬೈತೀರ ಅಂತ ಹೇಳ್ಲೂ ಇಲ್ಲ. ಇನ್ನು ಕಂಬ. ಹೊಸ ಗೀರು ಒಂದೂ ಇಲ್ಲ. ಒಂದು ವರ್ಷದಿಂದ ಈ ತಿರುವಿನಲ್ಲಿ ಹೋಗಿ ಬರ್ತಿರೋರು ನಿಮಗಿಂತ, ಪಾಷಾಗಿಂತ ಚೆನ್ನಾಗಿ ಓಡಿಸ್ತಾರೆ.”

“ಯಾರು?”

“ನಮ್ಮ ಪ್ರೇಮ್ ಎಲ್ಲ ನೋಡಿದ್ದ. ನೋಡಿ ಬಿಟ್ಟುಬಿಟ್ಟ. ಹರಿಯದ ಸೀಟಿಗೆ ಕಂಬಳಿ ಯಾಕೆ? ಮುಚ್ಚೋಕಲ್ಲ, ಎತ್ತರಕ್ಕೆ. ಕನ್ನಡಿ ಯಾಕೆ ಅಷ್ಟು ಬಗ್ಗಿತ್ತು? ಸೀಟು ಯಾಕೆ ಮುಂದಿತ್ತು? ನೀವು ಆರಡಿ. ಪಾಷಾ ನಿಮ್ಮ ಭುಜಕ್ಕೆ ಬರ್ತಾರೆ. ಅಲ್ಲಿ ಕೂತಿದ್ದವರು ಇನ್ನೂ ಗಿಡ್ಡ. ಅಡುಗೆಮನೆ ಮೊಳೆಯಿಂದ ಬೀಗದಕೈ ತಗೊಂಡ್ರೆ ಯಾರೂ ಕೇಳದೆ ಇರೋರು.” ಆದಿಲಕ್ಷ್ಮಿ ಜಗಲಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, “ಅಮ್ಮ, ಗಾಡಿ ಎಲ್ಲಿ ನಿಲ್ಲಿಸಿದೀರಿ?”

ಮುನಿಶಾಮಮ್ಮ ಮೊರವನ್ನು ಪಕ್ಕಕ್ಕಿಟ್ಟರು. ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು.

“ಮೇನ್‌ರೋಡು ಬೇಕರಿ ಹಿಂದೆ. ಮಾರೋ ದಿನ ಅಲ್ವಾ, ಒಂದು ಸುತ್ತು ಹೋಗ್ಬರೋಣ ಅಂತ ಹೋದೆ. ಓಣಿ ಬಾಯಿಗೆ ಬರೋ ಹೊತ್ಗೆ ಇವರು ಕಳ್ಳ ಕಳ್ಳ ಅಂತ ಕೂಗ್ತಿದ್ರು. ಕೈಕಾಲು ಆಡ್ಲಿಲ್ಲ. ಅಲ್ಲೇ ಬಿಟ್ಟು, ಸೊಪ್ಪು ತಗೊಂಡು ನಡ್ಕೊಂಡು ಬಂದೆ. ಪಾಷಾನ ಪೊಲೀಸ್ರು ಮುಟ್ಟೋಕೆ ನಾನು ಬಿಡ್ತಿರಲಿಲ್ಲ. ಆಗ್ಲೇ ಹೇಳೋಕೆ ಹೋದೆ. ಸುಮ್ಕಿರು ಅಂದ್ರು.”

ಮುನಿವೆಂಕಟಪ್ಪನವರ ಕೈ ಉಡಿದಾರ ತಡಕಾಡುತ್ತಿತ್ತು.

“ನೀನು ಗಾಡಿ ಓಡಿಸ್ತೀಯಾ? ಯಾರು ಕಲ್ಸಿದ್ದು?”

“ಇಪ್ಪತ್ತು ವರ್ಷ ಹಿಂದ್ಗಡೆ ಕೂತು ನೋಡ್ತಿದ್ನಲ್ಲ. ಕ್ಲಚ್ಚು ಯಾವಾಗ ಒತ್ತಿದ್ರಿ, ಎಲ್ಲಿ ತಿರುಗ್ಸಿದ್ರಿ, ಎಲ್ಲಿ ಅವಸರ ಬಿದ್ದು ಉಜ್ಜಿದ್ರಿ. ನೀವು ಓಡ್ಸೋದು ನಿಲ್ಸಿದ್ಮೇಲೆ ಪಾಷಾನ ಕೇಳ್ದೆ. ಮೈದಾನದಲ್ಲಿ ನಾಲ್ಕು ದಿನ ಪಕ್ಕ ಕೂತ. ಲೈಸೆನ್ಸೂ ಮಾಡಿಸ್ಕೊಟ್ಟ, ಅವನತ್ರ ಇದ್ದ ಕೀನೂ ಕೊಟ್ಟ. ಯಾರಿಗೂ ಹೇಳ್ಬೇಡ ಅಂತ ನಾನೇ ಮಾತು ತಗೊಂಡೆ.”

“ಎಲ್ಲಿಗೆ ಹೋಗ್ತಿದ್ದೆ?”

“ಎಲ್ಲಿಗೂ ಇಲ್ಲ. ರಿಚರ್ಡ್ಸ್ ಟೌನಲ್ಲಿ ಮರದ ಕೆಳಗೆ ರಸ್ತೆ ತಣ್ಣಗಿರ್ತದೆ. ಒಂದೊಂದ್ ದಿನ ಕೆ.ಆರ್.ಪುರದ ಕೆರೆ ತನಕ. ಹೋಗ್ತಿದ್ದೆ, ಬರ್ತಿದ್ದೆ.”

ಮುನಿವೆಂಕಟಪ್ಪ ಪಾಷಾನ ಕಡೆ ತಿರುಗಿದರು. “ಇಷ್ಟು ಬೈದ್ರೂ ಬಾಯ್ ಬಿಡ್ಲಿಲ್ವಲ್ಲೋ.”

“ನೀವು ಕೇಳಿದ್ದು ಕಳ್ಳ ಯಾರು ಅಂತ ಗೌಡ್ರೆ. ಕಳ್ಳ ಇರ್ಲಿಲ್ಲ, ಏನಂತ ಹೇಳ್ಲಿ?”

“ತಗೊಂಡ್ ಬಾ ಗಾಡಿನ,” ಎಂದರು ಅವರು ಹೆಂಡತಿಗೆ. ನಂಬದವನ ಧ್ವನಿ.

ಮುನಿಶಾಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರು. ಪಾಷಾ ಜೊತೆಗೆ ಹೋಗಲು ನೋಡಿದ. ಬೇಡ ಎಂದು ಕೈಸನ್ನೆ ಮಾಡಿದರು.

ಸ್ವಲ್ಪ ಹೊತ್ತಿಗೆ ಓಣಿಯ ಬಾಯಲ್ಲಿ ಕೆನೆಬಣ್ಣದ ಹಿಂಬದಿ ಕಾಣಿಸಿತು. ಅವರು ಗಾಡಿಯನ್ನು ಹಿಮ್ಮುಖವಾಗಿಯೇ ತರುತ್ತಿದ್ದರು. ಮುಂದಾಗಿ ತಂದರೆ ಒಳಗೆ ತಿರುಗಿಸಲು ಜಾಗವಿಲ್ಲ. ಪ್ರೇಮ್‌ಕುಮಾರ ಗೋಡೆಗೆ ಒತ್ತಿ ನಿಂತ. ಕಾರು ಅವನ ಹೊಟ್ಟೆಯ ಮುಂದೆ ಹಾದುಹೋಯಿತು, ನೀರಿನಲ್ಲಿ ತೇಲುವ ದೋಣಿಯ ಹಾಗೆ, ಒಂದೇ ಹದದಲ್ಲಿ. ಒಳಗೆ ಕಂಬಳಿಯ ಮೇಲೆ ಕೂತ ಆ ಸಣ್ಣ ಹೆಂಗಸು ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದರು. ಮುಖದಲ್ಲಿ ಗಾಬರಿಯಿಲ್ಲ, ಹೆಮ್ಮೆಯೂ ಇಲ್ಲ. ಅಕ್ಕಿ ಆರಿಸುವಾಗಿನ ಗಮನ, ಅಷ್ಟೇ. ಗಾಡಿ ಕಂಬದ ಹತ್ತಿರ ಬಂತು. ಸ್ಟೀರಿಂಗ್ ಒಂದು ಸಲ ಪೂರ್ತಿ ತಿರುಗಿತು, ಮತ್ತೆ ಬಿಚ್ಚಿಕೊಂಡಿತು. ಕಾರಿನ ಮೈ ಕಲ್ಲನ್ನು ಸುತ್ತಿಕೊಂಡು ಜಾರಿತು. ನಿಲ್ಲಲಿಲ್ಲ, ಮುಂದೆ ಹೋಗಿ ಮತ್ತೆ ಹಿಂದೆ ಬರಲಿಲ್ಲ. ಶೆಡ್ಡಿನೊಳಗೆ ಹೋಗಿ ಎಂಜಿನ್ ಆರಿತು.

ಹತ್ತು ವರ್ಷದಿಂದ ಗಾಡಿ ಓಡಿಸುವ ಪ್ರೇಮ್‌ಕುಮಾರನಿಗೆ ಓಡಿಸುವುದೆಂದರೆ ಏನೆಂದು ಈಗ ಗೊತ್ತಾದ ಹಾಗಿತ್ತು. ಜೇಬಿನಲ್ಲಿದ್ದ ಮುಂಗಡದ ಕವರು ನೆನಪಾಗಿ ಸಂಕೋಚವಾಯಿತು.

ಮುನಿವೆಂಕಟಪ್ಪ ಶೆಡ್ಡಿನೊಳಗೆ ಹೋದರು. ಕಣ್ಣಿಗೆ ಕಾಣದ್ದನ್ನು ಕೈಯಿಂದ ನೋಡುವವರಂತೆ ಕಾರಿನ ಎಡಮೈಯನ್ನು ಉದ್ದಕ್ಕೂ ಸವರಿದರು. ಬಲಮೈಯನ್ನೂ ಸವರಿದರು. ಬಾನೆಟ್ಟಿನ ಬಿಸಿಯ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತರು. ಆಮೇಲೆ ಹೊರಗೆ ಬಂದು ಪ್ರೇಮ್‌ಕುಮಾರನ ಭುಜದ ಮೇಲೆ ಕೈಯಿಟ್ಟರು. ಭಾನುವಾರದಿಂದ ಇಲ್ಲಿಯವರೆಗೆ ಕೇಳದ ಮೆತ್ತನೆಯ ಧ್ವನಿ.

“ಬೇಜಾರು ಮಾಡ್ಕೋಬೇಡಪ್ಪ. ಗಾಡಿ ಕೊಡಕ್ಕಾಗಲ್ಲ. ನಮಗೆ ಡ್ರೈವರ್ ಸಿಕ್ಕವ್ರೆ.”

ಕಾರಿನಿಂದ ಇಳಿಯುತ್ತಿದ್ದ ಮುನಿಶಾಮಮ್ಮ ಆ ಕೊನೆಯ ಪದದ ಮರ್ಯಾದೆಗೆ ಒಂದು ಕಾಲು ನೆಲಕ್ಕೆ ಊರಿ, ಹಾಗೇ ನಿಂತರು.